ಪಾದ ತೊಳೆಯುವ ಭಾನುವಾರ

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಅಮಲೇ ಇಲ್ಲದ ಹೆಜೆಕಾಯ ಮಿಮ್ಸ್‌ನನ್ನು ಅಮಲಿನಲ್ಲಿ ಕಾರು ಓಡಿಸಿದನೆಂದು ಪೊಲೀಸರು ಕೈಕೋಳ ಹಾಕಿ ಕರೆದೊಯ್ದರು. ಠಾಣೆಯ ಯಂತ್ರಕ್ಕೆ ಅವನ ಉಸಿರಿನಲ್ಲಿ ಏನೂ ಸಿಗಲಿಲ್ಲ. ಆದರೂ ಮೊಕದ್ದಮೆ ಉಳಿಯಿತು. ಶಾಲಾ ಬಸ್ ಓಡಿಸುವ ಕೆಲಸ ಹೋಯಿತು.

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ವರ್ಲೀನ್ ಎಲ್ಲವನ್ನೂ ನೋಡಿದ್ದಳು.

ಅಂದು ದಕ್ಷಿಣ ಜಾರ್ಜಿಯಾದ ಪೈನ್ ಮರಗಳ ನಡುವಿನ ಅವರ ಪುಟ್ಟ ಚರ್ಚಿನಲ್ಲಿ ಪಾದ ತೊಳೆಯುವ ಭಾನುವಾರ. ಸುತ್ತಲಿನ ಬ್ಯಾಪ್ಟಿಸ್ಟರೆಲ್ಲ ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ದ್ರಾಕ್ಷಿ ಶರಬತ್ತು ಹಂಚಿ ಮುಗಿಸುತ್ತಾರೆ. ಇವರದು ಹಳೆಯ ಪಂಥ, ನಿಜವಾದ ದ್ರಾಕ್ಷಾರಸವೇ ಆಗಬೇಕು. ಒಬ್ಬೊಬ್ಬರಿಗೆ ಒಂದು ಗುಟುಕು, ಆಮೇಲೆ ಮಂಡಿಯೂರಿ ಒಬ್ಬರ ಪಾದ ಇನ್ನೊಬ್ಬರು ತೊಳೆಯಬೇಕು. ಮನೆಗೆ ಮರಳುವ ದಾರಿಯಲ್ಲಿ ಪೊಲೀಸ್ ಮುಖ್ಯಸ್ಥ ಶೆರಿಫನ ಕೈಕೆಳಗಿನ ಡೆಪ್ಯುಟಿ ಟಿಪ್ಟನ್ ಕಾರು ತಡೆದು, ಏನಾದರೂ ಕುಡಿದಿದ್ದೀಯಾ ಎಂದು ಕೇಳಿದ. ಬೇರೆ ಯಾರಾದರೂ ಇಲ್ಲ ಎಂದುಬಿಡುತ್ತಿದ್ದರು. ಹೆಜೆಕಾಯ, "ಹೌದು ಸಾರ್, ಕರ್ತನ ಪಾತ್ರೆಯಿಂದ ಒಂದು ಗುಟುಕು" ಎಂದ. ಅಮಲು ಪರೀಕ್ಷಿಸಲೆಂದು ಇಳಿಸಿ ಒಂಟಿ ಕಾಲಿನಲ್ಲಿ ನಿಲ್ಲಿಸಿದ. ಹಿಂದೊಮ್ಮೆ ಮರದ ದಿಮ್ಮಿ ಉರುಳಿ ಮುರಿದಿದ್ದ ಮಂಡಿ. ನಿಲ್ಲಲಿಲ್ಲ.

ಸುದ್ದಿ ಕೇಳಿ ಹೆಜೆಕಾಯನ ಅಕ್ಕನ ಮಗಳು, ಸವಾನಾ ನಗರದಲ್ಲಿ ವಕೀಲಿ ಮಾಡುವ ಕೊರೀಟಾ, ಊರಿಗೆ ಬಂದಳು. ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಚರ್ಚಿನ ಸಭೆಯ ಹಿರಿಯ ಟಾಲಿವರ್ ಕೂಡ ಇದ್ದ.

"ಲೈಸೆನ್ಸ್ ಕೇಳಿದ್ರೆ ಕೊಡ್ಬೇಕು ಮಾವ. ಇಳಿ ಅಂದ್ರೆ ಇಳೀಬೇಕು. ಕುಡಿದಿದ್ದೀಯಾ ಅಂದ್ರೆ ಉತ್ತರ ಕೊಡ್ಲೇಬೇಕು ಅಂತಿಲ್ಲ. ರಸ್ತೇಲಿ ಗೆರೆ ಮೇಲೆ ನಡೆಸೋದು, ಒಂಟಿ ಕಾಲಲ್ಲಿ ನಿಲ್ಸೋದು, ಇವೆಲ್ಲ ನೀನು ಒಪ್ಪಿದ್ರೆ ಮಾತ್ರ. ಒಲ್ಲೆ ಅನ್ನಬಹುದಿತ್ತು" ಎಂದಳು ಕೊರೀಟಾ.

"ಒಲ್ಲೆ ಅಂದಿದ್ರೆ ಬಿಡ್ತಿದ್ರಾ?" ಎಂದ ಹೆಜೆಕಾಯ.

"ಎಲ್ಲಿ ಬಿಡ್ತಾರೆ? ಹಿಡ್ಕೊಂಡೇ ಹೋಗ್ತಿದ್ರು. ಆದ್ರೆ ಕೋರ್ಟಲ್ಲಿ ತೋರ್ಸೋಕೆ ಅವರಿಗೆ ನಿನ್ನ ಕಾಲೂ ಸಿಗ್ತಿರಲಿಲ್ಲ, ನಿನ್ನ ಬಾಯೂ ಸಿಗ್ತಿರಲಿಲ್ಲ. ಠಾಣೆಯ ಯಂತ್ರದ ಮಾತು ಬೇರೆ. ಅದನ್ನ ಊದಲ್ಲ ಅಂದ್ರೆ ಲೈಸೆನ್ಸಿಗೇ ಏಟು."

ಹೆಜೆಕಾಯ ತಲೆಯಾಡಿಸಿದ. "ಅಂದ್ರೆ ಬೀದೀಲಿ ಕರ್ತನ ಪಾತ್ರೇನ ಮುಚ್ಚಿಡ್ಬೇಕಾ? ಕೋಳಿ ಕೂಗೋ ಮುಂಚೆ ಶಿಷ್ಯ ಪೇತ್ರ ಯೇಸು ಗೊತ್ತೇ ಇಲ್ಲ ಅಂತ ಮಾಡಿದ್ದೂ ಅದೇ ಅಲ್ವಾ ಮಗಳೇ?"

"ಪೇತ್ರ ಸುಳ್ಳು ಹೇಳ್ದ ಮಾವ. ನಾನು ಸುಮ್ನಿರು ಅಂತಿದ್ದೀನಿ. ವಿಚಾರಣೇಲಿ ರೋಮಿನ ಅಧಿಕಾರಿ ಪಿಲಾತ ಕೇಳ್ದಾಗ ಯೇಸು ಸುಮ್ನಿರಲಿಲ್ವಾ?"

"ನೋಡಪ್ಪಾ! ಹುಡುಗೀನ ಓದಿಸಿದ್ದಕ್ಕೆ ಯೇಸುವಿಗೇ ವಕೀಲಳಾಗಿ ನಿಂತ್ಲು" ಎಂದು ಟಾಲಿವರ್ ನಕ್ಕ. ನಗು ಇಳಿದ ಮೇಲೆ ವರ್ಲೀನ್ ಕಡೆ ತಿರುಗಿ ಗಂಭೀರವಾಗಿ ಹೇಳಿದ: "ಸಿಸ್ಟರ್, ತಪ್ಪೇ ಮಾಡ್ದೆ ಇರೋರಿಗೆ ನಡೆದು ತೋರ್ಸೋಕೇನು ಕಷ್ಟ? ಸಾರ್ ಅನ್ನಿ, ಹೇಳಿದ್ದು ಮಾಡಿ, ಜೀವಂತ ಮನೆ ಸೇರಿ. ನಮ್ಮಮ್ಮ ಕಲಿಸಿದ್ದು ಅಷ್ಟೇ."

ಅವನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆ ಕಡೆಯ ಕಪ್ಪು ಜನರ ಮನೆಗಳಲ್ಲಿ ಮಕ್ಕಳಿಗೆ ಕಾರು ಓಡಿಸುವುದಕ್ಕೂ ಮೊದಲು ಕಲಿಸುವ ಪಾಠ ಅದು. ಕಲಿತೂ ಮನೆ ಸೇರದವರ ಹೆಸರುಗಳು ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದವು.

ಅಕ್ಟೋಬರಿನಲ್ಲಿ ಮತ್ತೆ ಪಾದ ತೊಳೆಯುವ ಭಾನುವಾರ ಬಂತು. ಪಾತ್ರೆ ಸಾಲಿನಿಂದ ಸಾಲಿಗೆ ಬರುತ್ತಿದ್ದಂತೆ ವರ್ಲೀನ್ ಗಮನಿಸಿದಳು. ಕಾರು ಓಡಿಸಿಕೊಂಡು ಹೋಗಬೇಕಾದವರು ತುಟಿಗೆ ತಾಗಿಸಿದ ಹಾಗೆ ಮಾಡಿ ಮುಂದಕ್ಕೆ ದಾಟಿಸುತ್ತಿದ್ದರು. ಟಾಲಿವರ್ ಕೂಡ. ಅಜ್ಜಂದಿರ ಕಾಲದಿಂದ ಯಾವ ಶೆರಿಫನೂ ಕಿತ್ತುಕೊಳ್ಳಲಾಗದಿದ್ದ ಪಾತ್ರೆಯನ್ನು ಈಗ ಇವರೇ ಕೆಳಗಿಡುತ್ತಿದ್ದರು. ಬಸ್ ಓಡಿಸುವ ಕೆಲಸ ಅವಳದೂ ಹೌದು, ಮನೆ ಈಗ ಅದರ ಮೇಲೆಯೇ ನಿಂತಿತ್ತು. ಅವಳು ಒಂದು ಗುಟುಕು ಕುಡಿದಳು.

ತಿರುವಿನಲ್ಲಿ ಟಿಪ್ಟನ್ ಕಾಯುತ್ತಿದ್ದ. ಚರ್ಚಿನ ಪಂಚಾಂಗ ಅವನಿಗೂ ಬಾಯಿಪಾಠವಾಗಿತ್ತು.

"ಓಹೋ, ಮಿಮ್ಸ್ ದಂಪತಿ! ಇವತ್ತೂ ಕಾಲು ತೊಳೆದ್ರಾ? ಗಂಟಲೂ ತೊಳೆದಿರಬೇಕಲ್ಲ?"

ವರ್ಲೀನ್ ಲೈಸೆನ್ಸ್ ಕೊಟ್ಟಳು. ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಟ್ಟಳು.

"ಕುಡಿದಿದ್ದೀಯಾ?"

ಹೌದು ಎಂಬ ಮಾತು ನಾಲಿಗೆಯ ತುದಿಗೇ ಬಂತು. ಇಷ್ಟು ವರ್ಷ ಯಾರ ಮುಂದೆಯೂ ಮುಚ್ಚಿಡದ ನಂಬಿಕೆ. ಆದರೂ ಆ ಮಾತನ್ನು ಅಲ್ಲೇ ತಡೆದಳು.

"ಆ ಪ್ರಶ್ನೆಗೆ ಉತ್ತರ ಕೊಡಲ್ಲ ಸಾರ್."

"ಅಂದ್ರೆ ಕುಡಿದಿದ್ದೀಯ ಅಂತಾಯ್ತು."

"ಉತ್ತರ ಕೊಡಲ್ಲ ಅಂತ ಅಷ್ಟೇ ಆಯ್ತು."

"ಇಳಿ ಕೆಳಗೆ."

ಇಳಿದಳು. ಹಿಂದೆ ಬರುತ್ತಿದ್ದ ಚರ್ಚಿನ ಕಾರುಗಳು ನಿಧಾನವಾದವು. ಟಾಲಿವರ್ ಗಾಜು ಇಳಿಸಿ ಕೂಗಿದ: "ಸಿಸ್ಟರ್ ವರ್ಲೀನ್, ದಮ್ಮಯ್ಯ ಅಂತೀನಿ, ಅವರು ಹೇಳಿದ ಹಾಗೆ ನಡೆದುಬಿಡಿ!"

ಟಿಪ್ಟನ್ ರಸ್ತೆಯಂಚಿನ ಬಿಳಿ ಗೆರೆಯತ್ತ ಬೆರಳು ಮಾಡಿದ. "ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗ್ಸಿ ನಡಿ. ಇದೇನು ಮಹಾ, ನಿನ್ನ ಬಸ್ಸಿನ ಮಕ್ಕಳೂ ಮಾಡ್ತಾರೆ."

ಕಾರಿನೊಳಗಿಂದ ಹೆಜೆಕಾಯ ಬೇಡುವ ದನಿಯಲ್ಲಿ ಹೇಳಿದ: "ವರ್ಲೀ, ನಿನ್ನ ಕಾಲು ನನ್ನಂಗಲ್ಲ ಕಣೇ. ಗಟ್ಟಿ ಇದೆ. ನಡಿ. ಇರೋ ಒಂದು ಕೆಲಸಾನೂ ಹೋದ್ರೆ ಏನ್ ಮಾಡೋಣ?"

ಅವನು ಹೇಳಿದ್ದು ನಿಜ. ಅವಳ ಕಾಲು ಗಟ್ಟಿಯಿತ್ತು. ನೆಟ್ಟಗೆ ನಡೆದು, ಗೆದ್ದು, ಸಂಜೆಯ ಹೊತ್ತಿಗೆ ಮನೆಯಲ್ಲಿರಬಹುದಿತ್ತು. ಆದರೆ ತಾನು ನಡೆದು ಗೆದ್ದರೆ, ಈ ಗೆರೆ ಸತ್ಯ ಹೇಳುತ್ತದೆ ಎಂದು ತಾನೇ ಸಾಕ್ಷಿ ನುಡಿದ ಹಾಗೆ. ಆಗ ಗಂಡನ ಸೋತ ಕಾಲು ಕುಡುಕನ ಕಾಲಾಗುತ್ತದೆ. ಮುಂದಿನ ಸಲ ಪಾತ್ರೆ ಇನ್ನಷ್ಟು ತುಟಿಗಳನ್ನು ಬರಿದೇ ದಾಟುತ್ತದೆ. ಭಯಕ್ಕೆ ಒಂದು ಹೆಜ್ಜೆ ತಪ್ಪಿದರೂ ಟಿಪ್ಟನ್ ಅದನ್ನು ಅಮಲೆಂದೇ ಬರೆದುಕೊಳ್ಳುತ್ತಾನೆಂದೂ ಅವಳಿಗೆ ಗೊತ್ತಿತ್ತು.

"ಕೊನೇ ಸಲ ಹೇಳ್ತಿದ್ದೀನಿ. ನಡೀತೀಯೋ ಇಲ್ವೋ?"

"ಠಾಣೆಗೆ ಕರ್ಕೊಂಡು ಹೋಗಿ ಸಾರ್, ನಿಮ್ಮ ಯಂತ್ರಕ್ಕೆ ಊದ್ತೀನಿ" ಎಂದಳು ವರ್ಲೀನ್. "ಇಲ್ಲಿ ನಡೆಯಲ್ಲ."