ಗೆದ್ದವರ ಕುರ್ಚಿ

ಸಾಲ ಮಾಡಿದವನಿಗೆ ನಿದ್ದೆ ಬರೋದಿಲ್ಲ ಅಂತಾರೆ. ಶುದ್ಧ ಸುಳ್ಳು. ಆ ಮನೆಯಲ್ಲಿ ಸಾಲ ಮಾಡಿದವನು ಗೊರಕೆ ಹೊಡೆಯುತ್ತಿದ್ದ, ಹೊರಳಾಡುತ್ತಿದ್ದವಳು ಅವನ ಹೆಂಡತಿ. ಸ್ವಂತ ವ್ಯಾನು ಇದ್ದರೆ ರಾಜನ ಹಾಗೆ ಇರಬಹುದು ಅಂತ ಮನೆಪತ್ರ ಅಡವಿಟ್ಟು ಯಾರೋ ಓಡಿಸಿ ಬಿಟ್ಟ ವ್ಯಾನು ಕೊಂಡಿದ್ದ ಮಹಾರಾಯ. ವರ್ಷ ತುಂಬುವ ಮೊದಲೇ ಇಂಜಿನ್ ಕೈಕೊಟ್ಟಿತು. ವ್ಯಾನು ಗುಜರಿಗೆ ಹೋಯಿತು, ಸಾಲ ಮನೆಯಲ್ಲೇ ಉಳಿಯಿತು. ಈಗ ಅವನು ಇನ್ನೊಬ್ಬರ ವ್ಯಾನಿಗೆ ಡ್ರೈವರ್. ಅವಳು ಬೀದಿ ಕೊನೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆ ತನಕ ಇಸ್ತ್ರಿ ಹಾಕುತ್ತಾಳೆ.

ಕಂತು ವಸೂಲಿಗೆ ಬರುವವನಿಗೆ ಮನೆಯವರು ಇಟ್ಟ ಹೆಸರು ಹೆಲ್ಮೆಟ್ಟು. ಅವನು ಬೈಯುವವನಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಹೆಲ್ಮೆಟ್ಟನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು, ಗೋಡೆ, ಸೂರು, ಕಿಟಕಿ ಎಲ್ಲವನ್ನೂ ಸಾವಧಾನವಾಗಿ ನೋಡುತ್ತಿದ್ದ. "ಒಳ್ಳೇ ಮನೆ ಅಕ್ಕ, ಬೆಳಕು ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದ. ಒಮ್ಮೆ ಒಂದು ಕಂತು ತಪ್ಪಿತು. ಅವತ್ತೂ ಅವನು ದನಿ ಏರಿಸಲಿಲ್ಲ. "ಇನ್ನೊಂದು ತಪ್ಪಿದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ ಅಕ್ಕ, ಮನೆ ಖಾಲಿ ಮಾಡಿಸ್ತಾರೆ" ಅಂದು, ಹೊಸಿಲು ದಾಟುವಾಗ ಬಾಗಿಲ ಮರವನ್ನು ಬೆರಳಿನಿಂದ ಟಕಟಕ ಬಡಿದು ನೋಡಿ ಹೋದ. ಕೊಳ್ಳುವವರು ಹಾಗೆ ಬಡಿದು ನೋಡುತ್ತಾರೆ.

ಅವತ್ತಿನಿಂದ ಮನೆಯ ದುಡ್ಡೆಲ್ಲ ಅವಳ ಕೈಗೆ ಬಂತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಖರ್ಚು ಕಾದಳು. ಪೇಪರ್ ನಿಂತಿತು. ಚಹಾಕ್ಕೆ ಸಕ್ಕರೆ ಅರ್ಧವಾಯಿತು. ಪೂರ್ತಿ ಕತ್ತಲಾಗುವ ತನಕ ದೀಪ ಹಾಕುವ ಹಾಗಿಲ್ಲ ಅಂತ ಕಾನೂನು ಬಂತು. ಗಂಡ ಅವಳಿಗೆ 'ಖಜಾನೆ ಮಂತ್ರಿ' ಅಂತ ಹೆಸರಿಟ್ಟ. ಸಾಲ ತಂದವನಿಗೆ ತಮಾಷೆಗೇನು ಬರ!

ಒಂದು ಖರ್ಚಿಗೆ ಮಾತ್ರ ಅವಳು ಕತ್ತರಿ ಹಾಕಲಿಲ್ಲ. ಅದು ಅತ್ತೆಯ ಕಣ್ಣಿನ ಹನಿ. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದವಳು ಅವಳೇ, ಡಾಕ್ಟರಮ್ಮ ಹೇಳಿದ್ದನ್ನು ಕೇಳಿದವಳೂ ಅವಳೇ. "ಕಣ್ಣೊಳಗೆ ಒತ್ತಡ ಜಾಸ್ತಿ ಇದೆ. ದೃಷ್ಟಿ ಆಗಲೇ ತುಂಬಾ ಹೋಗಿದೆ. ಈ ಹನಿ ದಿನಾ ಸಂಜೆ ಬಿಡಬೇಕು, ಬದುಕಿರೋ ತನಕ. ನಿಲ್ಲಿಸಿದರೆ ನೋವೇನೂ ಆಗಲ್ಲ, ಅದೇ ಮೋಸ. ಎದುರಿಗಿರೋದು ಕಾಣ್ತಾನೇ ಇರುತ್ತೆ, ಅಂಚಿನಿಂದ ಕತ್ತಲೆ ಒಳಗೆ ಬರುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ." ಪುಟ್ಟ ಬಾಟಲಿ, ಒಂದು ತಿಂಗಳಿಗೆ ಒಂದು, ಬೆಲೆ ಮಾತ್ರ ಬೆಚ್ಚಿಬೀಳುವಷ್ಟು. ಆದರೂ ಸಂಬಳ ಬಂದ ದಿನ ಮೊದಲು ಆ ದುಡ್ಡು ತೆಗೆದು ಅತ್ತೆಯ ಕೈಗೇ ಕೊಡುತ್ತಿದ್ದಳು. ಅತ್ತೆ ಮೆಡಿಕಲ್ ಶಾಪಿಗೆ ತಾವೇ ಹೋಗಿ ತರುತ್ತಿದ್ದರು. ಮನೆಯಲ್ಲೇ ಕೂತು ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ಹಚ್ಚಿಕೊಡುವ ಹೆಂಗಸು, ಕಣ್ಣಿದ್ದರೆ ತಾನೇ ಕೆಲಸ?

ಆಟ ಶುರು ಮಾಡಿದ್ದೂ ಅವಳೇ. ಪಾಪ, ಒಳ್ಳೇ ಮನಸ್ಸಿನಿಂದಲೇ. ಬೇಡ, ಬೇಡ ಅನ್ನೋದನ್ನೇ ಕೇಳಿ ಕೇಳಿ ಮಗಳ ಮುಖ ಸಣ್ಣಗಾಗಿತ್ತು. ಅದಕ್ಕೆ ಒಂದು ಉಪಾಯ ಹೂಡಿದಳು. ತಿಂಗಳ ಕೊನೆಗೆ ಊಟವಾದ ಮೇಲೆ ಎಲ್ಲರೂ ತಾವು ಉಳಿಸಿದ್ದನ್ನು ಕಂತಿಗೆ ಅಂತ ಬಿಸ್ಕತ್ ಡಬ್ಬಿಗೆ ಹಾಕಬೇಕು. ಯಾರದ್ದು ಜಾಸ್ತಿಯೋ ಅವರಿಗೆ ಮಾವ ಬಿಟ್ಟುಹೋದ ಬೆತ್ತದ ಕುರ್ಚಿ. ಫ್ಯಾನಿನ ಕೆಳಗೆ ಇರುವುದು ಅದೊಂದೇ. ತಿಂಗಳಿಡೀ ಅದರಲ್ಲಿ ಕೂರಬಹುದು, ಉಳಿದವರು ಕೂತಲ್ಲಿಗೆ ಚಹಾ ತಂದುಕೊಡಬೇಕು. "ಹನಿಗೂಡಿದರೆ ಹಳ್ಳ" ಅಂತ ಗಾದೆ ಬೇರೆ ಹೇಳಿದಳು.

ಮೊದಲ ತಿಂಗಳು ಮಗಳು ಗೆದ್ದಳು. ಬಸ್ಸು ಬಿಟ್ಟು ಶಾಲೆಗೆ ನಡೆದುಕೊಂಡು ಹೋಗಿದ್ದಳು. ಆಮೇಲೆ ಗಂಡ ಗೆದ್ದ, ಬೀಡಿ ಬಿಟ್ಟು. ಅದರ ನಂತರ ಆ ಕುರ್ಚಿಯನ್ನು ಅತ್ತೆಯಿಂದ ಕಿತ್ತುಕೊಳ್ಳಲು ಯಾರಿಗೂ ಆಗಲಿಲ್ಲ.

"ಅದೆಲ್ಲಿಂದ ಬರುತ್ತೆ ಅಮ್ಮ ಇಷ್ಟು ದುಡ್ಡು? ಕಳ್ಳನೋಟು ಛಾಪಿಸ್ತೀಯಾ?" ಅಂದ ಗಂಡ.

"ಗುಂಡಿ ಹಚ್ಚಿದ್ದು ಕಣೋ. ಗೆದ್ದೋರು ಗುಟ್ಟು ಹೇಳ್ತಾರಾ? ಹೋಗು, ಚಹಾ ತಾ!"

ಎಲ್ಲರೂ ನಕ್ಕರು. ಪ್ರತಿ ತಿಂಗಳೂ ಅತ್ತೆ ಹಾಕುತ್ತಿದ್ದುದು ಹೆಚ್ಚು ಕಡಿಮೆ ಅಷ್ಟೇ ದುಡ್ಡು. ಪೈಸೆ ಪೈಸೆಗೆ ಲೆಕ್ಕ ಹಾಕುವ ಮಂತ್ರಿಗೆ ಆ ಮೊತ್ತ ಎಲ್ಲೋ ನೋಡಿದ ಹಾಗಿದೆ ಅನ್ನಿಸಲಿಲ್ಲ. ಅಥವಾ ಅನ್ನಿಸಿತೋ, ಯಾರಿಗೆ ಗೊತ್ತು. ಡಬ್ಬಿ ಬಂದಾಗಿನಿಂದ ಕಂತು ತಪ್ಪಿರಲಿಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

ಆಮೇಲೆ ಅತ್ತೆ ಬಾಗಿಲಿಗೆ ಭುಜ ಹೊಡೆಸಿಕೊಳ್ಳುವುದು ಶುರುವಾಯಿತು. ಪಕ್ಕದಲ್ಲಿಟ್ಟ ಚಹಾ ಲೋಟಕ್ಕೆ ಕೈ ತಗುಲಿ ಚೆಲ್ಲುವುದು. ಮೊಮ್ಮಗಳು ಪಕ್ಕಕ್ಕೆ ಬಂದು ನಿಂತು "ಅಜ್ಜೀ" ಅಂದರೆ, "ಅಯ್ಯೋ ಪಿಶಾಚಿ, ಯಾವಾಗ ಬಂದೆ!" ಅಂತ ಬೆಚ್ಚುವುದು.

"ಅಮ್ಮಾ, ಬಾಗಿಲು ಎಲ್ಲೂ ಹೋಗಿಲ್ಲ, ನೀನು ಮದುವೆಯಾಗಿ ಬಂದಾಗ ಎಲ್ಲಿತ್ತೋ ಅಲ್ಲೇ ಇದೆ" ಅಂತ ಗಂಡ ರೇಗಿಸಿದ.

ಅತ್ತೆಗೆ ರೋಷ ಬಂತು. ಸೂಜಿ ಎತ್ತಿ ಮುಖದ ನೇರಕ್ಕೆ ಹಿಡಿದು, ದಾರದ ತುದಿ ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿಬಿಟ್ಟರು. "ಈಗ ಹೇಳೋ, ಯಾರ ಕಣ್ಣು ಮಂಜು?" ಮಗಳು ಚಪ್ಪಾಳೆ ತಟ್ಟಿದಳು. ಸೂಜಿ ಪೋಣಿಸುವವರ ಕಣ್ಣಿಗೆ ಏನಾಗಿರುತ್ತೆ, ಅಲ್ಲವೇ? ಸೊಸೆಯೂ ನಕ್ಕಳು. ಎದುರಿಗಿರೋದು ಕಾಣ್ತಾನೇ ಇರುತ್ತೆ ಅಂದ ಡಾಕ್ಟರಮ್ಮನ ಮಾತು ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು.

ಲಾಂಡ್ರಿಗೆ ರಜೆ ಇದ್ದ ಒಂದು ಮಧ್ಯಾಹ್ನ ಅಡುಗೆಮನೆಯ ಶೆಲ್ಫು ಒರೆಸುತ್ತಿದ್ದಳು. ಹನಿಯ ಬಾಟಲಿ ಕೈಗೆ ಸಿಕ್ಕಿತು. ಅದರ ಮೇಲೆ ಒಂದು ಗುಲಾಬಿ ಚುಕ್ಕೆ. ಅದನ್ನು ಕಂಡವಳೇ ಹಾಗೇ ನಿಂತುಬಿಟ್ಟಳು. ಬೇರೆ ಔಷಧಿಯ ಜೊತೆ ಅದಲುಬದಲಾಗಬಾರದು ಅಂತ ಮಗಳು ತನ್ನ ಉಗುರಿನ ಬಣ್ಣದಿಂದ ಇಟ್ಟ ಚುಕ್ಕೆ ಅದು. ಇಟ್ಟಿದ್ದು ಆಟ ಶುರುವಾಗುವುದಕ್ಕೂ ಮೊದಲು. ಲೇಬಲ್ಲಿನ ಅಕ್ಷರವೆಲ್ಲ ಹಿಡಿದೂ ಹಿಡಿದೂ ಸವೆದುಹೋಗಿತ್ತು. ಮುಚ್ಚಳ ತೆಗೆದು ನಾಲಿಗೆ ಮೇಲೆ ಎರಡು ಹನಿ ಬಿಟ್ಟುಕೊಂಡಳು.

ಬರೀ ನೀರು.

ಹಾಗಾದರೆ ದಿನಾ ಸಂಜೆ ಎಲ್ಲರ ಎದುರಿಗೆ ತಲೆ ಹಿಂದಕ್ಕೆ ಬಾಗಿಸಿ, "ಉರಿಯುತ್ತಪ್ಪಾ" ಅಂತ ಮುಖ ಕಿವುಚಿ ಬಿಟ್ಟುಕೊಳ್ಳುತ್ತಿದ್ದುದು ನೀರು. ಡಬ್ಬಿಗೆ ಬೀಳುತ್ತಿದ್ದುದು ಹನಿಯ ದುಡ್ಡು. ಅವಳು ತಿರುಗಿ ನೋಡಿದಳು. ನಡುಮನೆಯ ಕುರ್ಚಿಯಲ್ಲಿ ಅತ್ತೆ ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂತಿದ್ದರು. ಮಡಿಲಲ್ಲಿ ಗುಂಡಿಗಳ ಬಟ್ಟಲು, ಕೈ ಅದರಲ್ಲಿ ಆಡುತ್ತಿತ್ತು.

ಕೇಳಬೇಕಿತ್ತು. "ಅತ್ತೆ, ಇದೇನಿದು?" ಒಂದೇ ಮಾತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ತಲೆಯೊಳಗಿನ ಮಂತ್ರಿ ಲೆಕ್ಕ ಹಾಕಿಬಿಟ್ಟಳು. ಇನ್ನೈದು ಕಂತು. ಇವತ್ತು ಕೇಳಿದರೆ ನಾಳೆ ಹನಿ ತರಬೇಕು, ಹನಿ ತಂದರೆ ಈ ತಿಂಗಳ ಕಂತಿಗೆ ಕಡಿಮೆ ಬೀಳುತ್ತೆ, ಕಡಿಮೆ ಬಿದ್ದರೆ ಬಾಗಿಲು ಬಡಿದು ನೋಡಿದವನು ಬೀಗ ಹಿಡಿದು ಬರುತ್ತಾನೆ. ಇಷ್ಟು ದಿನ ಆಗದ್ದು ಇನ್ನು ಐದು ತಿಂಗಳಲ್ಲಿ ಆಗಿಬಿಡುತ್ತಾ? ಸೂಜಿ ಪೋಣಿಸ್ತಾರಲ್ಲ! ಹಾಗಂದುಕೊಂಡು ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ, ಚುಕ್ಕೆ ಗೋಡೆಗೆ ಮಾಡಿ ಇಟ್ಟಳು.

ನುಂಗಲೂ ಆಗದೆ ಉಗುಳಲೂ ಆಗದೆ ಆ ತಿಂಗಳುಗಳನ್ನು ಕಳೆದಳು ಅನ್ನಿ. ಹನಿಯ ದುಡ್ಡನ್ನು ಮಾತ್ರ ತಪ್ಪದೆ ಅತ್ತೆಯ ಕೈಗೆ ಕೊಡುತ್ತಿದ್ದಳು, ತಿಂಗಳ ಕೊನೆಗೆ ಅದೇ ನೋಟು ಡಬ್ಬಿಯಲ್ಲಿ ಸಿಗುತ್ತಿತ್ತು. ಅತ್ತೆ ಗೆದ್ದಾಗ ಅವಳದೇ ಜೋರು ಚಪ್ಪಾಳೆ. ದಾರಿಗೆ ಅಡ್ಡವಿದ್ದ ಸ್ಟೂಲನ್ನು ಯಾರಿಗೂ ಹೇಳದೆ ಮೂಲೆಗೆ ಸರಿಸಿದಳು. ಚಹಾ ಲೋಟವನ್ನು ಪಕ್ಕಕ್ಕಿಡದೆ ಕೈಗೇ ಹಿಡಿಸತೊಡಗಿದಳು. "ಅಮ್ಮ ಅಜ್ಜಿನ ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ" ಅಂದಳು ಮಗಳು. ಆ ಮಾತಿಗೆ ಅವಳು ರಪ್ಪನೆ ರೇಗಿದ್ದು ಯಾಕೆ ಅಂತ ಆ ಹುಡುಗಿಗೆ ತಿಳಿಯಲೇ ಇಲ್ಲ.

ಕೊನೆಯ ಕಂತೂ ಹೋಯಿತು. ಹೆಲ್ಮೆಟ್ಟು ಮನೆಪತ್ರ ಕೈಗಿಟ್ಟು, ಗೋಡೆ ಕಡೆ ಕೊನೆಯ ಸಲ ನೋಡಿ, "ಬೆಳಕಿನ ಮನೆ ಅಕ್ಕ, ಉಳಿಸ್ಕೊಂಡ್ರಿ" ಅಂದ. ಅವನ ಸ್ಕೂಟರ್ ತಿರುವು ದಾಟುವುದಕ್ಕೂ ಕಾಯದೆ ಅವಳು ಮೆಡಿಕಲ್ ಶಾಪಿಗೆ ಓಡಿದಳು. ಎರಡು ಬಾಟಲಿ ಕೇಳಿದಳು.

"ಅಜ್ಜಿ ಬಂದು ವರ್ಷವೇ ಆಗಿರಬೇಕಲ್ಲ" ಅಂದ ಅಂಗಡಿಯವನು. "ಬೇರೆ ಕಡೆ ತಗೋತಿದ್ದಾರೇನೋ ಅಂದ್ಕೊಂಡೆ."

"ಹೂಂ" ಅಂದಳು.

ಮನೆಗೆ ಬಂದಾಗ ನಡುಮಧ್ಯಾಹ್ನ. ಕಿಟಕಿಯಿಂದ ಬಿಸಿಲು ನೆಲದ ತುಂಬ ಹರಡಿತ್ತು, ಕುರ್ಚಿಯ ಮೇಲೂ, ಅತ್ತೆಯ ಮೊಣಕೈ ಮೇಲೂ. ಅತ್ತೆ ಸೂಜಿ ಹಿಡಿದು ದಾರ ತೂರಿಸುತ್ತಿದ್ದರು. ದಾರ ಸೂಜಿಯ ಆಚೆ ಹೋಯಿತು. ತುಟಿಗೆ ತಾಗಿಸಿ ಮತ್ತೆ ತೂರಿಸಿದರು. ಈಚೆ ಬಂತು.

"ಬಂದ್ಯಾ?" ಅಂದರು, ಹೆಜ್ಜೆಯ ಸದ್ದಿಗೆ. "ಬೇಗ ಕತ್ತಲಾಗಿಬಿಡ್ತು ನೋಡು. ಲೈಟ್ ಹಾಕೇ, ಇನ್ನೇನು ಸಾಲ ಇಲ್ವಲ್ಲ."

ಅವಳು ಗೋಡೆ ಹಿಡಿದುಕೊಂಡು ಹೋಗಿ ಆ ಬಿಸಿಲಲ್ಲಿ ಸ್ವಿಚ್ ಒತ್ತಿದಳು.

"ಹಾಕಿದ್ಯಾ?"

"ಹಾಕಿದೆ ಅತ್ತೆ."

ಅತ್ತೆ ಮುಖವನ್ನು ಸೂರಿನ ಕಡೆಗೆ ಎತ್ತಿದರು. ಆಮೇಲೆ ಸೂಜಿಯನ್ನು ಮಡಿಲಿಗೆ ಬಿಟ್ಟು ಕೈ ಚಾಚಿದರು. ಅವಳು ಬಾಟಲಿಗಳನ್ನು ಆ ಕೈಯಲ್ಲಿಟ್ಟು, ಕುರ್ಚಿಯ ಕಾಲ ಬಳಿ ಕುಸಿದು ಕೂತಳು. ಅತ್ತೆ ಬಾಟಲಿಯನ್ನು ಬೆರಳಲ್ಲಿ ಸವರಿ, "ಹೊಸದಾ? ಎರಡೆರಡು!" ಅಂದರು.

"ನಂಗೆ ಗೊತ್ತಿರಲಿಲ್ಲ ಅತ್ತೆ" ಅಂದಳು ಅವಳು, ಅಳು ಒತ್ತರಿಸಿ ಬಂದು. "ದೇವರಾಣೆ, ಗೊತ್ತೇ ಇರಲಿಲ್ಲ."

"ಆಣೆ ಯಾಕೆ ಹಾಕ್ತೀಯೇ" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬಾಟಲಿ ಬಾಯಿಗೆ ಬಿಟ್ಕೊಂಡು ರುಚಿ ನೋಡಿದ್ದನ್ನ ಇಲ್ಲಿಂದಲೇ ನೋಡಿದೆ. ಕೇಳ್ತೀಯಾ ಅಂತ ಕಾದೆ. ನೀನು ವಾಪಸ್ ಇಟ್ಟೆ. ಸರಿ ಬಿಡು, ಇಬ್ಬರ ಲೆಕ್ಕನೂ ಒಂದೇ ಅಂದ್ಕೊಂಡೆ."

ಮಡಿಲಲ್ಲಿ ಸೂಜಿಗಾಗಿ ತಡಕುತ್ತಾ ಮತ್ತೆ ಹೇಳಿದರು: "ಆಗಿನ್ನೂ ಅಷ್ಟು ದೂರ ಚೆನ್ನಾಗಿ ಕಾಣ್ತಿತ್ತು ಕಣೇ."