ಅಜಾಪೊಮಾಳ ಕಾಲು, ಪೂಜೊ ಕಾರಿನ ಬ್ರೇಕ್

ಕುಮಾಸಿಯ ಇಳಿಜಾರು ರಸ್ತೆಯಲ್ಲಿ ಕೆಂಕೆ ಕಡುಬು ಮಾರುವವಳ ಮೇಜಿಗೆ ಇನ್ನೊಂದು ಗೇಣಿದೆ ಅನ್ನುವಾಗ ಕಾರು ನಿಂತಿತಲ್ಲ, ಅವತ್ತೇ ಅಜಾಪೊಮಾ ತೀರ್ಮಾನಿಸಿಬಿಟ್ಟಳು: ತನ್ನ ಬಲಗಾಲು ಕೈಕೊಟ್ಟಿದೆ. ಬ್ರೇಕಿನ ಮೇಲೆ ಎದ್ದು ನಿಂತರೂ ಅದು ಕಲ್ಲಿನಂತೆ ಕೂತಿತ್ತು. ಎಪ್ಪತ್ತರ ಮುದುಕಿಯ ಕಾಲಿನಲ್ಲಿ ಇನ್ನೆಷ್ಟು ಕಸುವು ಉಳಿದೀತು?

ಹೆರಿಗೆ ಆಸ್ಪತ್ರೆಯಿಂದ ನಿವೃತ್ತಳಾಗಿ ಎಷ್ಟೋ ವರ್ಷವಾಗಿದ್ದರೂ ಊರಿನ ಬಸುರಿಯರಿಗೆ ನೋವು ಶುರುವಾದರೆ ಈಗಲೂ ಓಡಿಬರುವುದು ಈ ನರ್ಸಮ್ಮನ ಬಾಗಿಲಿಗೇ. ಆಂಬುಲೆನ್ಸ್ ಕಾಯಲು ಹೋದರೆ ಅದು ಬರುವಷ್ಟರಲ್ಲಿ ಮಗುವಿನ ನಾಮಕರಣವೂ ಮುಗಿದಿರುತ್ತದೆ! ಅವರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತಿದ್ದದ್ದು ಅವಳ ಆ ಹಳೇ ಪೂಜೊ.

ತಂಗಿ ಕೊನಾದು ದಿನಾ ಅಕ್ಕನ ಮೊಣಕಾಲಿಗೆ ಶಿಯಾ ಬೆಣ್ಣೆ ತಿಕ್ಕಿದಳು, ಶುಂಠಿ ಪಟ್ಟು ಹಾಕಿದಳು. ಬ್ರೇಕ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಸಾಕು ಬಿಡಕ್ಕಾ. ಬಸುರಿ ಹೆಂಗಸನ್ನ ಕೂರಿಸ್ಕೊಂಡು ಚರಂಡಿಗೆ ಬಿದ್ರೆ ಏನ್ ಗತಿ? ಶನಿವಾರ ಗುಜರಿಯವನಿಗೆ ಬರೋಕೆ ಹೇಳಿದೀನಿ."

ಅಜಾಪೊಮಾ ಇಲ್ಲ ಅನ್ನಲಿಲ್ಲ. ಕಾರು ಹೋದರೆ ತಾನು ಯಾರಿಗೂ ಬೇಡದವಳಾಗುತ್ತೇನೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾರನ್ನು ಅಂಗಳದಿಂದ ರಸ್ತೆಬದಿಗೆ ತಂದಿಡಲು ಫಿಟ್ಟರ್ ಜೋಮೊನನ್ನು ಕರೆಸಿದಳು. ಗ್ಯಾರೇಜುಗಳೇ ತುಂಬಿದ ಸುವಾಮೆ ಪೇಟೆಯಲ್ಲಿ ಮೊದಲಿನಿಂದಲೂ ಆ ಕಾರನ್ನು ನೋಡಿಕೊಂಡವನು ಅವನೇ.

ಜೋಮೊ ಕಾರನ್ನು ಗೇಟಿನವರೆಗೆ ತಂದವನು ಬ್ರೇಕ್ ತುಳಿದು "ಅಯ್ಯಪ್ಪಾ!" ಎಂದು ಕೂಗಿಕೊಂಡ. ಕಾರು ಗೇಟಿಗೆ ಮೆಲ್ಲಗೆ ಮುತ್ತಿಟ್ಟು ನಿಂತಿತು.

"ಏನ್ ನರ್ಸಮ್ಮಾ, ನನ್ನ ಕಾಲಿಗೂ ಮುಪ್ಪು ಬಂತಾ?"

ಎಂಜಿನ್ ಆರಿಸಿ ಬ್ರೇಕನ್ನು ನಾಲ್ಕಾರು ಸಲ ತುಳಿದ. ತುಳಿದ ಕಾಲನ್ನು ತೆಗೆಯದೆ ಕೀಲಿ ತಿರುಗಿಸಿದ. ಎಂಜಿನ್ ಹತ್ತಿದ ಕೂಡಲೇ ಪೆಡಲ್ ತಾನಾಗಿ ಒಂದಿಷ್ಟು ಇಳಿಯಬೇಕು. ಇಳಿಯಲಿಲ್ಲ. ಬಾನೆಟ್ ಎತ್ತಿ, ಎಂಜಿನ್ನಿನಿಂದ ಬರುವ ಕೊಳವೆಯನ್ನು ತಡವಿ ನೋಡಿದ, ಅದು ಗಟ್ಟಿಮುಟ್ಟಾಗಿತ್ತು. ಆಮೇಲೆ ಅದರ ತುದಿಯಲ್ಲಿದ್ದ ಮಡಕೆಯಂಥ ಕರಿ ಡಬ್ಬಿಯನ್ನು ತೋರಿಸಿದ.

"ಕಿವಿ ಇಟ್ಟು ಕೇಳಿ."

ಬಸುರಿಯ ಹೊಟ್ಟೆಗೆ ಕಿವಿಗೊಡುವ ಹಾಗೆ ಅಜಾಪೊಮಾ ಬಗ್ಗಿದಳು. ಒಳಗೆ ಬುಸ್ಸೆಂದು ಗಾಳಿ ಸೋರುತ್ತಿತ್ತು.

"ಇದು ಬ್ರೇಕ್ ಬೂಸ್ಟರು. ನೀವು ಮೆಲ್ಲಗೆ ಒತ್ತಿದ್ರೂ ಸಾಕು, ಮಿಕ್ಕಿದ್ದನ್ನ ಇದೇ ಒತ್ತುತ್ತೆ. ಒಳಗಿನ ರಬ್ಬರ್ ಹರಿದಿದೆ. ನಿಮ್ಮ ಕಾಲಿಗೆ ಏನೂ ಆಗಿಲ್ಲ ತಾಯೀ, ಚೆನ್ನಾಗೇ ಇದೆ."

ಅಜಾಪೊಮಾ ಮಡ್‌ಗಾರ್ಡ್ ಹಿಡಿದುಕೊಂಡು ಅಳುತ್ತಳುತ್ತಲೇ ನಕ್ಕಳು. "ಕಾಯಿಲೆ ಕಾರಿಗಂತೆ, ಬೆಣ್ಣೆ ಕಾಲಿಗೆ ಹಚ್ಚಿದ್ವಲ್ಲೇ ಕೊನಾದು!"

ಆದರೆ ಆ ಕಾಲದ ಬೂಸ್ಟರ್ ಈಗ ಎಲ್ಲಿ ಸಿಗಬೇಕು? ಜೋಮೊ ಸುವಾಮೆಯನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದ. "ಸಿಗದಿದ್ರೆ ಗುಜರಿಯವನು ಇದ್ದಾನಲ್ಲ" ಅಂದಳು ಕೊನಾದು. ಶುಕ್ರವಾರ ಸಂಜೆ ಜೋಮೊ ಹಳೇ ಅಂಗಿಯಲ್ಲಿ ಏನನ್ನೋ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಪ್ರತ್ಯಕ್ಷನಾದ.

"ಎಲ್ಲಿ ಸಿಕ್ತೋ?"

"ಸಿಕ್ತು ಬಿಡಿ."

ಹಳೆಯದನ್ನು ಬಿಚ್ಚಿ, ತಂದದ್ದನ್ನು ಕೂರಿಸಿ, ಕೊಳವೆ ಸಿಕ್ಕಿಸಿದ. ಅಜಾಪೊಮಾ ಸೀಟಿನಲ್ಲಿ ಕೂತು ಕಾಲಿಟ್ಟಳು. ಪೆಡಲ್ ಹೂವೆತ್ತಿದಷ್ಟು ಹಗುರ! ಅವನಿಗೆ ಕೈಮುಗಿದು, ಹರಸಿ, ಹೊಟ್ಟೆ ತುಂಬ ಫೂಫೂ ಉಣ್ಣಿಸಿ ಕಳಿಸಿದಳು.

ಅಲ್ಲಿಗೆ ಮುಗಿಯಿತೇ? ಅಶಾಂಟಿ ಜನರಲ್ಲಿ ಹಾಗೆ ಮುಗಿಯುವುದಿಲ್ಲ. ಸಂಜೆ ಹೇಳಿದ ಕೃತಜ್ಞತೆ ಅರ್ಧ ಮಾತ್ರ. ಬೆಳಗಾಗುತ್ತಲೇ ಉಪಕಾರ ಮಾಡಿದವರ ಮನೆಗೆ ಹೋಗಿ "ನಿನ್ನೆಯದಕ್ಕೆ" ಎಂದು ಮತ್ತೊಮ್ಮೆ ಹೇಳದಿದ್ದರೆ ಅವಳೆಂಥ ಹೆಂಗಸು? ಶನಿವಾರ ಬೆಳಿಗ್ಗೆ, ಗುಜರಿಯವನನ್ನು ಸಾಗಹಾಕುವ ಕೆಲಸವನ್ನು ತಂಗಿಗೇ ಅಂಟಿಸಿ, ಅಜಾಪೊಮಾ ಕಾರು ಹತ್ತಿ ಹೊರಟಳು.

ಜೋಮೊನ ಅಂಗಳದಲ್ಲಿ ಅಂಥದ್ದೇ ಇನ್ನೊಂದು ಪೂಜೊ ಬಾನೆಟ್ ತೆರೆದು ನಿಂತಿತ್ತು. ತನ್ನ ಕಾರಿನಲ್ಲಿ ಮೊನ್ನೆಯಷ್ಟೇ ಕಿವಿಗೊಟ್ಟ ಜಾಗ ಅಜಾಪೊಮಾಳಿಗೆ ಮರೆತಿರಲಿಲ್ಲ. ಇಲ್ಲಿ ಆ ಜಾಗ ಖಾಲಿಯಿತ್ತು.

"ಯಾರದಪ್ಪಾ ಇದು?"

"ಯಾರೋ ಗಿರಾಕಿದು..."

"ಆಹಾ, ಗಿರಾಕಿ!" ಒಳಗಿನಿಂದ ಅವನ ಹೆಂಡತಿ ಅಂದಳು. "ನಿನ್ನೆ ಮಧ್ಯಾಹ್ನದ ತನಕ ನಮ್ದೇ ಆಗಿತ್ತು."

ಅಜಾಪೊಮಾ ಆ ಖಾಲಿ ಜಾಗದೊಳಗೆ ಕೈಯಿಟ್ಟು ನೋಡಿದಳು. "ಯಾಕೋ ಹೀಗೆ ಮಾಡ್ದೆ?"

ಜೋಮೊ ತಲೆ ಕೆರೆದುಕೊಂಡ. "ನನ್ನ ಕಾರು ನಿಂತ್ರೆ ನಡೆಯೋನು ನಾನು. ಬೇರೆ ಬೂಸ್ಟರ್ ಸಿಗೋ ತನಕ ತಾನೇ? ನಿಮ್ಮದು ನಿಂತ್ರೆ ಯಾರು ನಡೀಬೇಕು ಹೇಳಿ, ಹೊಟ್ಟೆ ಹೊತ್ಕೊಂಡು?"

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಅಜಾಪೊಮಾಳಿಗೆ ಮರೆತೇಹೋಯಿತು. ಅವನ ಎಣ್ಣೆಗಪ್ಪು ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡಳು. ಕಣ್ಣೊರೆಸಿಕೊಂಡು ಕಾರಿನ ಬಾಗಿಲು ತೆರೆದಳು.

"ಹತ್ತು. ಗ್ಯಾರೇಜಿಗೆ ಬಿಡ್ತೀನಿ."

"ಬೇಡ ನರ್ಸಮ್ಮಾ..."

"ಹತ್ತೋ ಅಂದ್ರೆ!"

ಸುವಾಮೆ ವೃತ್ತದ ನೂಕುನುಗ್ಗಲಿನಲ್ಲಿ ಎದುರಿಗೊಂದು ಟ್ರೋಟ್ರೋ ವ್ಯಾನು ತಟ್ಟನೆ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಜೋಮೊ ಗಾಬರಿಯಿಂದ ಬರಿ ನೆಲವನ್ನೇ ತುಳಿದ. ಅಜಾಪೊಮಾ ಕಾಲ್ಬೆರಳ ತುದಿಯಲ್ಲಿ ಬ್ರೇಕ್ ಒತ್ತಿದಳು. ಕಾರು ಮೆತ್ತಗೆ ನಿಂತಿತು.

"ಕಾಲು ತೆಗಿಯೋ, ಬ್ರೇಕು ಈ ಕಡೆ ಇದೆ" ಎಂದು ನಕ್ಕಳು. "ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ, ತಯಾರಾಗಿರು."

"ಮತ್ಯಾಕೆ?"

"ಇವತ್ತು ನಿನ್ನ ಅಂಗಳದಲ್ಲಿ ನೋಡಿದ್ದಕ್ಕೆ ನಾಳೆ ಬೆಳಿಗ್ಗೆ 'ನಿನ್ನೆಯದಕ್ಕೆ' ಅಂತ ಹೇಳ್ಬೇಕಲ್ಲಪ್ಪಾ."