ತಿರಸ್ಕೃತ ಅರ್ಜಿಗಳ ಬೀರು

'ಬೇರು' ಎಂಬ ಪಕ್ಷದ ಕಚೇರಿಯಲ್ಲಿ ಎರಡು ಬೀರುಗಳಿದ್ದವು. ಸದಸ್ಯರಾದವರ ಅರ್ಜಿಗಳಿಗೆ ಒಂದು, ತಿರಸ್ಕೃತ ಅರ್ಜಿಗಳಿಗೆ ಇನ್ನೊಂದು. ಎರಡರ ಕೀಲಿಯೂ ಗುಮಾಸ್ತರ ಜೇಬಿನಲ್ಲಿ. ಬೇರೆ ಪಕ್ಷಗಳು ಸಿಕ್ಕಸಿಕ್ಕವರನ್ನೆಲ್ಲ ಎಳೆದುಕೊಳ್ಳುತ್ತಿದ್ದಾಗ ಈ ಪಕ್ಷ ಮಾತ್ರ, ಅಪ್ಪನ ಕಡೆ ಅಮ್ಮನ ಕಡೆ ಮೂರು ತಲೆಮಾರು ಇದೇ ಸೀಮೆಯಲ್ಲಿ ಹುಟ್ಟಿದ ದಾಖಲೆ ತೋರಿಸಿದವರನ್ನಷ್ಟೇ ಒಳಗೆ ಬಿಡುತ್ತಿತ್ತು. ತಮಾಷೆಯೆಂದರೆ ಬಾಗಿಲು ಕಿರಿದಾದಷ್ಟೂ ಜನ ನುಗ್ಗಿದರು. ಹೊರಗಿನವರೆನ್ನಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ?

ಬೀದಿಯ ಹೆಂಗಸರೆಲ್ಲ ಅರ್ಜಿ ಹಾಕಿದಾಗ ಗುಮಾಸ್ತರ ಹೆಂಡತಿಯೂ ಹಾಕಿದಳು. ಆಕೆಯ ತಾಯಿಯ ತಾಯಿ ಹೊಳೆಯಾಚೆಯವಳು. ಮುಚ್ಚಿಡಬೇಕೆಂದು ಪಾಪ, ಆಕೆಗೆ ತೋಚಲೇ ಇಲ್ಲ. ಅಜ್ಜಿಯ ಊರು, ಬಂದ ವರ್ಷ, ಎಲ್ಲವನ್ನೂ ದುಂಡಗೆ ಬರೆದಿದ್ದಳು. ಗುಮಾಸ್ತರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿ, ಕೆಂಪು ಮೊಹರು ಒತ್ತಿ, ಎರಡನೆಯ ಬೀರುವಿನಲ್ಲಿಟ್ಟರು. ಹರಿದು ಬುಟ್ಟಿಗೆ ಹಾಕಬಹುದಿತ್ತು. ಆದರೆ ಆ ಮನುಷ್ಯ ಕಾಗದ ಹರಿದವರಲ್ಲ.

ಸುದ್ದಿ ಪಕ್ಷ ಕಟ್ಟಿದ ಯಜಮಾನರ ಕಿವಿಗೆ ಬಿತ್ತು. ಮುಂದಿನ ಸಭೆಯಲ್ಲೇ ಗುಮಾಸ್ತರನ್ನು ವೇದಿಕೆಗೆ ಕರೆದು ಹೆಗಲ ಮೇಲೆ ಕೈಯಿಟ್ಟರು.

"ನೋಡ್ರಪ್ಪಾ, ಕಟ್ಕೊಂಡ ಹೆಂಡ್ತಿಗೇ ಆಗಲ್ಲ ಅಂದ ಗಂಡಸು!"

ಚಪ್ಪಾಳೆಗೆ ಗುಮಾಸ್ತರ ಎದೆ ಉಬ್ಬಿತು. ಆ ವರ್ಷ ಪಕ್ಷ ಅಧಿಕಾರಕ್ಕೆ ಬಂತು, ಕಥೆ ಸಭೆಯಿಂದ ಸಭೆಗೆ ಬೆಳೆಯಿತು. ಹೆಂಡತಿ ಒಂದು ಸಭೆಗೂ ಹೋಗಲಿಲ್ಲ. ಊಟ ಬಡಿಸುವಾಗ ಒಮ್ಮೆ ಮಾತ್ರ ಕೇಳಿದಳು.

"ಆ ಕಾಗದ ಇನ್ನೂ ಇದೆಯಾ?"

"ಭದ್ರವಾಗಿದೆ," ಎಂದರು ಇವರು, ಸಮಾಧಾನ ಹೇಳುವವರ ಹಾಗೆ.

ಅಧಿಕಾರದ ರುಚಿ ಹತ್ತಿದ ಮೇಲೆ ಮೂರು ತಲೆಮಾರು ಐದಾಯಿತು, ಐದು ಏಳಾಯಿತು. ಒಬ್ಬರ ಮುತ್ತಜ್ಜನನ್ನು ಇನ್ನೊಬ್ಬರು ಕೆದಕುವುದೇ ಪಕ್ಷದ ಕೆಲಸವಾಯಿತು. ಕಾರ್ಯದರ್ಶಿ ಹೋದ, ಮಹಿಳಾ ಘಟಕದ ಅಧ್ಯಕ್ಷೆ ಹೋದಳು. ಕೊನೆಗೆ ಯಜಮಾನರ ದಾಖಲೆಯಲ್ಲೇ ಆರನೆಯ ತಲೆಮಾರಿನ ಹೆಸರು ಸಿಗಲಿಲ್ಲ. ನಿಯಮ ಅವರದೇ ಆದ್ದರಿಂದ ತೆಪ್ಪಗೆ ಮನೆಗೆ ನಡೆದರು. ಮುಂದಿನ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತು. ಏಳೂ ತಲೆಮಾರು ನೆಟ್ಟಗಿದ್ದ ಗುಮಾಸ್ತರೊಬ್ಬರೇ ವರ್ಷಗಟ್ಟಲೆ ದಿನಾ ಹತ್ತಕ್ಕೆ ಬಂದು ಬೀರುಗಳ ಧೂಳು ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ನಾಲ್ವರು ಬಂದರು. ಅಳಿದುಳಿದ ಪಕ್ಷವನ್ನು ನುಂಗಿದ ಹೊಸ ಸಂಘಟನೆಯವರು. ನಾಲ್ವರ ಕಾಲಲ್ಲೂ ಒಂದೇ ಬಗೆಯ ದಪ್ಪ ಶೂ. ಸದಸ್ಯರ ಬೀರುವಿನತ್ತ ಕಣ್ಣೂ ಹಾಯಿಸಲಿಲ್ಲ.

"ಆ ಇನ್ನೊಂದು ತೆಗೀರಿ ಸಾರ್," ಎಂದ ಮುಂದಿದ್ದವನು.

"ಅದು ನಾವು ಬೇಡ ಅಂದವರದ್ದಪ್ಪ."

"ಅದೇ ಬೇಕು. ಹೆಸರು, ವಿಳಾಸ, ಎಲ್ಲಿಂದ ಬಂದವರು, ಎಲ್ಲಾ ಅವರ ಕೈಯಾರೆ ಬರ್ಕೊಟ್ಟಿದಾರೆ. ಇಂಥ ಪಟ್ಟಿ ಸರ್ಕಾರದ ಹತ್ರಾನೂ ಇಲ್ಲ."

ಗುಮಾಸ್ತರು ಬೀರು ತೆರೆದರು. ಕಟ್ಟು ಎತ್ತಿಕೊಡುವ ನೆಪದಲ್ಲಿ ಹೆಂಡತಿಯ ಅರ್ಜಿಯನ್ನು ಎಳೆದು ಅಂಗಿಯೊಳಗೆ ತುರುಕಿಕೊಂಡರು. ಅದೆಲ್ಲಿದೆಯೆಂದು ಅವರು ಹುಡುಕಬೇಕಿರಲಿಲ್ಲ. ಉಳಿದ ಸಾವಿರಾರು ಅರ್ಜಿಗಳನ್ನು ಒಂದೂ ತಪ್ಪದಂತೆ ತಾವೇ ಎಣಿಸಿ ವ್ಯಾನಿಗೆ ದಾಟಿಸಿದರು. ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾರ ನೆನಪೂ ಆಗಲಿಲ್ಲವೆಂಬುದನ್ನು ಹೇಳಲೇಬೇಕು.

ಹೊರಟಿದ್ದ ಆ ಮುಂದಾಳು ತಿರುಗಿ ಬಂದು ಗುಮಾಸ್ತರ ಕೈ ಹಿಡಿದುಕೊಂಡ. ಕಣ್ಣಲ್ಲಿ ನಿಜವಾದ ಭಕ್ತಿ.

"ನಮ್ಮಪ್ಪ ನಿಮ್ಮ ಕಥೆ ಹೇಳ್ತಾನೇ ನನ್ನ ಬೆಳೆಸಿದ್ದು ಸಾರ್. ಸ್ವಂತ ಹೆಂಡ್ತೀನೂ ಬಿಡ್ಲಿಲ್ಲ ನೀವು! ಹೊರಗಿನವರನ್ನ ಸಾಗಿಸೋದನ್ನ ನಿಮ್ಮ ಮನೆಯಿಂದಾನೇ ಶುರು ಮಾಡೋಣ ಅಂತ ನಮ್ಮೆಲ್ಲರ ಆಸೆ. ಸಂಜೆ ನಾಲ್ಕಕ್ಕೆ ಬರ್ತೀವಿ."

ಗುಮಾಸ್ತರು ಓಡೋಡಿ ಮನೆಗೆ ಬಂದರು. ಆ ನಾಲ್ವರಲ್ಲಿ ಇಬ್ಬರು ಹಿಂದೆಯೇ ಬಂದು ಬೀದಿಯ ಎರಡೂ ತುದಿಯಲ್ಲಿ ನಿಂತರು. ಹೆಂಡತಿ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅರ್ಜಿಯನ್ನು ಆಕೆಯ ಮಡಿಲಿಗೆ ಹಾಕಿ, ತೊದಲುತ್ತ ಎಲ್ಲವನ್ನೂ ಹೇಳಿದರು. ಆಕೆ ಕಾಗದದ ಮೇಲಿನ ತನ್ನ ಅಕ್ಷರಗಳನ್ನು ತುಸುಹೊತ್ತು ನೋಡಿದಳು. ದಾರ ಕಚ್ಚಿ ಕತ್ತರಿಸಿದಳು. ಎದ್ದು ಹೋಗಿ ಒಂದು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡಳು.

"ನಾನೂ ನಿನ್ ಜೊತೆ ಬರ್ತೀನಿ ಕಣೇ," ಎಂದರು ಗುಮಾಸ್ತರು.

"ನಿಮ್ಮನ್ನ ಸೇರಿಸ್ಕೊಳ್ಳಲ್ಲ," ಎಂದಳು ಆಕೆ. "ನಿಮ್ಮ ದಾಖಲೆ ಎಲ್ಲಾ ಸರಿಯಾಗಿದೆಯಲ್ಲ."